ಹಳ್ಳದ ಜಿಲೇಬಿ

ಆ ಮೀನನ್ನು ನಾನು ಮೊದಲು ಕಂಡಾಗ ಅದರ ಅರ್ಧ ಮೈಯ ಹುರುಪೆ ಆಗಲೇ ಹೋಗಿತ್ತು. ಹೊಳೆನರಸೀಪುರದ ಮೀನು ಮಾರುಕಟ್ಟೆ, ಭಾನುವಾರದ ಬೆಳಿಗ್ಗೆ. ಎಲ್ಲರೂ ಮೀನವ್ವ ಎಂದು ಕರೆಯುವ ವಯಸ್ಸಾದ ಹೆಂಗಸೊಬ್ಬರು ಒಂದು ಬುಟ್ಟಿ ಜಿಲೇಬಿಯನ್ನು ಮುಂದಿಟ್ಟುಕೊಂಡು ಗಿರಾಕಿಯೊಬ್ಬನಿಗೆ ಸರಸರನೆ ಹೆರೆದು ಕೊಡುತ್ತಿದ್ದರು. ನಡುವೆ ಅಂಗೈಗಿಂತ ಚಿಕ್ಕದಾದ ಒಂದು ಹಳದಿ ಮೀನು ಅವರ ಕೈಗೆ ಬಂತು. ಬಲ ಮಗ್ಗುಲು ಹೆರೆದು ಮಗುಚಿದಾಗ ಎಡ ಮಗ್ಗುಲಿನ ನಟ್ಟನಡುವೆ ಬೊಟ್ಟಿಟ್ಟಂತೆ ಕಪ್ಪು ಮಚ್ಚೆ ಕಂಡಿತು. "ಅಯ್ಯೋ, ನಿಲ್ಲಿಸಿ, ನಿಲ್ಲಿಸಿ!" ಎಂದು ನಾನು ಕಿರುಚಿದ್ದಕ್ಕೆ ಇಡೀ ಸಾಲು ತಿರುಗಿ ನೋಡಿತು.

ಜಿಲೇಬಿ ಎಂದರೆ ತಿಂಡಿಯಲ್ಲ. ನಮ್ಮ ಕಡೆ ತಿಲಾಪಿಯಾ ಮೀನಿಗೆ ಹಾಗೆನ್ನುತ್ತಾರೆ. ಮೂಲತಃ ಆಫ್ರಿಕಾದ ದಕ್ಷಿಣದ ನದಿಗಳದ್ದು. ಯಾವ ಕಾಲದಲ್ಲೋ ಯಾರೋ ತಂದು ನಮ್ಮ ನೀರಿಗೆ ಬಿಟ್ಟರು, ಈಗ ಹಾಸನ ಜಿಲ್ಲೆಯಲ್ಲಿ ಎಲ್ಲಿ ಬಲೆ ಹಾಕಿದರೂ ಮೊದಲು ಬರುವುದು ಅದೇ. ನನಗೆ ಬೇಕಾಗಿದ್ದ ಹಳದಿ ಮೀನು ಅದೇ ಕುಟುಂಬದ್ದು, ಆದರೆ ತಂದು ಬಿಟ್ಟದ್ದಲ್ಲ, ಈ ದೇಶದ್ದೇ. ಅದರ ಹತ್ತಿರದ ನೆಂಟರು ಇರುವುದು ಸಮುದ್ರದಾಚೆ, ಮಡಗಾಸ್ಕರ್ ದ್ವೀಪದಲ್ಲಿ. ನಮ್ಮ ನೆಲ, ಮಡಗಾಸ್ಕರ್, ಆಫ್ರಿಕಾ, ದಕ್ಷಿಣ ಅಮೆರಿಕ ಎಲ್ಲಾ ಒಂದೇ ಆಗಿದ್ದ ಕಾಲದಲ್ಲೇ ಈ ಮೀನಿನ ವಂಶ ಇತ್ತು, ನೆಲ ಸೀಳಿ ದೂರ ಸರಿದಾಗ ಮೀನೂ ಪಾಲಾಯಿತು ಎನ್ನುವವರು ಒಂದು ಗುಂಪು. ಇಲ್ಲ, ನೆಲ ಬೇರೆಯಾಗಿ ಎಷ್ಟೋ ಕಾಲದ ಮೇಲೆ ಮೀನು ಸಮುದ್ರ ದಾಟಿತು ಎನ್ನುವವರು ಇನ್ನೊಂದು ಗುಂಪು. ಕರಾವಳಿಯ ಹಿನ್ನೀರುಗಳಿಂದ ಈ ಮೀನು ಬೇಕಾದಷ್ಟು ಸಿಕ್ಕಿದೆ. ಹೇಮಾವತಿ ಹರಿಯುವ ಘಟ್ಟದ ಮೇಲಿನ ಸೀಮೆಯಲ್ಲಿ ಇದೆಯೇ, ಇದ್ದರೆ ಕರಾವಳಿಯದಕ್ಕಿಂತ ಎಷ್ಟು ಬೇರೆ ಎನ್ನುವುದೇ ನನ್ನ ಪಿಎಚ್‌ಡಿಯ ನಾಲ್ಕನೇ ಅಧ್ಯಾಯ. ಆ ಅಧ್ಯಾಯಕ್ಕೆ ಒಂದು ಮೀನೂ ಇರಲಿಲ್ಲ. ಏಪ್ರಿಲ್ ಕೊನೆಗೆ ಕರಡು ಕೊಡಬೇಕಿತ್ತು, ಆಗ ಸಂಕ್ರಾಂತಿ ಮುಗಿದಿತ್ತು.

ಗಿರಾಕಿಯ ಮುಂದೆ ಅಂಗಲಾಚಿದೆ. ಇದೊಂದು ಮೀನು ಬಿಟ್ಟುಕೊಡಿ, ಬದಲಿಗೆ ಎರಡು ದೊಡ್ಡ ಜಿಲೇಬಿ ಕೊಡಿಸುತ್ತೇನೆ ಎಂದೆ. ಅವನಿಗೆ ನನ್ನ ಆತುರ ನೋಡಿಯೇ ಅನುಮಾನ ಬಂತು.

"ಎರಡು ಕೊಡ್ತೀನಿ ಅಂತೀರಾ ಅಂದ್ರೆ ಇದ್ರಲ್ಲೇನೋ ಐತೆ ಬುಡಿ. ಫೋಟೋ ಬೇಕಾದ್ರೆ ತಕ್ಕಳಿ, ಮೀನು ಮಾತ್ರ ಬುಡಾಕಿಲ್ಲ," ಎಂದು ಚೀಲಕ್ಕೆ ಹಾಕಿಕೊಂಡು ಹೊರಟೇ ಹೋದ. ಅಷ್ಟರಲ್ಲಿ ನಾನು ತೆಗೆದುಕೊಂಡ ಒಂದೇ ಫೋಟೋದಲ್ಲಿ ಅದರ ತಲೆಯೂ ಇರಲಿಲ್ಲ.

ಮೀನವ್ವನನ್ನು ಕೇಳಿದೆ, ಇದು ಯಾವ ಮೀನು?

"ಅಳ್ಳೆಜಿಲೇಬಿ ಕಣವ್ವಾ," ಎಂದರು, ತಲೆ ಎತ್ತದೆ.

ಮಾರುಕಟ್ಟೆಯ ಗಲಾಟೆಯಲ್ಲಿ ಕೇಳಿಸಿದ್ದನ್ನು ನಾನು ಟಿಪ್ಪಣಿ ಪುಸ್ತಕದಲ್ಲಿ ತಿದ್ದಿ ಬರೆದುಕೊಂಡೆ: ಹಳ್ಳದ ಜಿಲೇಬಿ. ನಮ್ಮ ಕಡೆ ಹಕಾರಕ್ಕೆ ಬಾಯಲ್ಲಿ ಜಾಗವಿಲ್ಲ, ಹಳ್ಳ ಎಂದರೆ ಅಳ್ಳ. ನಡುವಿನ ಅಕ್ಷರಗಳನ್ನೂ ನುಂಗುತ್ತಾರೆ, ಹಳ್ಳಿಮೈಸೂರನ್ನು ಅಳ್ಮೈಸೂರು ಎನ್ನುವ ಜನ. ತಿದ್ದುವುದು ನನಗೆ ಉಸಿರಾಡಿದಷ್ಟು ಸಲೀಸು. ಅಡಿಗೆರೆ ಬೇರೆ ಎಳೆದೆ.

ಮಾರನೆಯ ದಿನ ಗೈಡ್ ಸರ್‌ಗೆ ಫೋನ್ ಮಾಡಿ ಹೇಳಿದೆ. ಅವರು, "ಹಳ್ಳದಲ್ಲಾ? ನಿಂತ ನೀರಿನ ಮೀನಮ್ಮ ಅದು. ಹರಿಯೋ ಸಣ್ಣ ಹಳ್ಳದಲ್ಲಿ ಅದಕ್ಕೇನು ಕೆಲಸ?" ಎಂದರು.

"ಸರ್, ಪುಸ್ತಕಕ್ಕಿಂತ ಹಿಡಿಯೋ ಜನಕ್ಕೆ ಚೆನ್ನಾಗಿ ಗೊತ್ತಿರುತ್ತೆ," ಎಂದೆ. ಎಂಥಾ ಜಂಬ! ಆ ಮಾತನ್ನು ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತದೆ.

ನನ್ನ ಜೊತೆಗೆ ಬಂದವರು ನಾನು ಪಾಠ ಮಾಡುವ ಹಾಸನದ ಕಾಲೇಜಿನ ಲ್ಯಾಬ್ ಅಟೆಂಡರ್. ಹಳ್ಳಿಮೈಸೂರಿನ ಕಡೆಯವರು, ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ. ಬೀಸು ಬಲೆ ಎಸೆದರೆ ನೀರಿನ ಮೇಲೆ ತಟ್ಟೆಯ ಹಾಗೆ ಗುಂಡಗೆ ಬೀಳುತ್ತಿತ್ತು. ಶನಿವಾರ ಸೋಮವಾರ ಮೀನು ಮುಟ್ಟುವ ಮನೆಯಲ್ಲ ಅವರದು. "ಇಡಿಯಾಕೆ ಅಡ್ಡಿಯಿಲ್ಲ ಮೇಡಂ, ತಿನ್ನಂಗಿಲ್ಲ ಅಷ್ಟೆ," ಎಂದು ತಾವೇ ತೀರ್ಮಾನ ಮಾಡಿಕೊಂಡಿದ್ದರು.

ಪಾಠವಿಲ್ಲದ ದಿನಗಳಲ್ಲಿ ಹೊರಡುವುದು. ಹೊಳೆನರಸೀಪುರದ ಸುತ್ತ, ಹಳ್ಳಿಮೈಸೂರಿನ ಕಡೆ, ಮೊಸಳೆ ಎಂಬ ಊರಿನ ಆಸುಪಾಸು, ಆಮೇಲೆ ಅರಕಲಗೂಡಿನ ಕಡೆ. ಒಂದೊಂದು ಹಳ್ಳದಲ್ಲೂ ಅದೇ ಕ್ರಮ. ಮೊದಲು ನೀರಿನ ಆಳ, ಬಿಸಿ, ತಳದಲ್ಲಿ ಮರಳೋ ಕಲ್ಲೋ ಕೆಸರೋ ಬರೆದುಕೊಳ್ಳುವುದು. ಗುಂಡಿಯಿದ್ದಲ್ಲಿ ಹತ್ತು ಸಲ ಬೀಸು ಬಲೆ, ಅಂಚಿನ ಹುಲ್ಲಿನಲ್ಲಿ ಕೈಬಲೆ. ಬಂದದ್ದನ್ನೆಲ್ಲಾ ಬಿಳಿ ಟ್ರೇಗೆ ಸುರಿದು ಬಾಲಕ್ಕೆ ಮುಂಚೆ ಹೊಟ್ಟೆಯಡಿ ಇರುವ ರೆಕ್ಕೆಯ ಮುಳ್ಳು ಎಣಿಸುವುದು. ಜಿಲೇಬಿಗೆ ಅಲ್ಲಿ ಮೂರೇ ಮುಳ್ಳು. ನನ್ನ ಮೀನಿಗೆ ಹನ್ನೆರಡೋ ಹದಿಮೂರೋ ಇರಬೇಕು. ಬಣ್ಣ ಮೋಸ ಮಾಡುತ್ತದೆ, ಮಚ್ಚೆಯೂ ಮಾಸುತ್ತದೆ, ಮುಳ್ಳು ಮಾತ್ರ ಸುಳ್ಳು ಹೇಳುವುದಿಲ್ಲ ಎಂದು ನಾನು ಅಣ್ಣನಿಗೆ ಪಾಠ ಮಾಡಿದ್ದೆ.

"ಮೂರು," ಎನ್ನುತ್ತಿದ್ದರು ಅಣ್ಣ. ಇನ್ನೊಂದು ಎತ್ತಿ, "ಮೂರು." ಮತ್ತೊಂದು. "ಮೇಡಂ, ಇದ್ಕೂ ಮೂರೇ ನಾಮ."

ಏಡಿ ಸಿಕ್ಕವು, ಗೆಂಡೆ ಮೀನಿನ ಸಣ್ಣ ಮರಿ ಸಿಕ್ಕವು, ಒಂದು ಕಡೆ ಯಾರದೋ ಚಪ್ಪಲಿ ಸಿಕ್ಕಿತು. ಫೆಬ್ರವರಿ ದಾಟುವ ಹೊತ್ತಿಗೆ ಹಳ್ಳಗಳು ಬತ್ತಲು ಶುರುವಾದವು. ನೀರು ಹೋದರೆ ಮೀನು ಹೋಯಿತು, ಮೀನು ಹೋದರೆ ಅಧ್ಯಾಯ ಹೋಯಿತು. ಮಲ್ಲಿಪಟ್ಟಣದ ಹತ್ತಿರ ಶುಂಠಿ ಹೊಲದ ಪಕ್ಕದ ಹಳ್ಳವೊಂದರಲ್ಲಿ ಮೊಣಕಾಲುದ್ದ ಕೆಸರಲ್ಲಿ ನಿಂತಿದ್ದಾಗ ಹೊಲದವರು ಬದುವಿನ ಮೇಲೆ ಕುಕ್ಕರಗಾಲಲ್ಲಿ ಕುಳಿತು ಬಹಳ ಹೊತ್ತು ನೋಡಿದರು.

"ಏನವ್ವಾ ಕಳಕಂಡಿದ್ದೀರಾ?"

"ಮೀನು ಹುಡುಕ್ತಿದ್ದೀವಿ."

"ಮೀನಾ? ಈ ಅಳ್ಳದಾಗಾ?" ಅವರು ಅಣ್ಣನ ಕಡೆ ತಿರುಗಿದರು. "ಓದ್ದೋರು ಅಂತೀರಿ, ನೀವಾದ್ರೂ ಏಳ್ಬಾರದಾ ಸಾ? ಮೀನು ತಿನ್ನಂಗಾಗಿದ್ರೆ ಅರ್ಕಲ್ಗೂಡ್ ಸಂತೇಲಿ ಸಿಕ್ತದೆ."

ಅಣ್ಣ ನಕ್ಕರು. ನನಗೆ ನಗು ಬರಲಿಲ್ಲ. ಕೆಸರಿನಿಂದ ಕಾಲು ಕೀಳುವಾಗ ಚಪ್ಪಲಿ ಒಳಗೇ ಉಳಿಯಿತು, ಅದಕ್ಕೂ ಸಿಟ್ಟು ಬಂತು, ಆ ಬಡಪಾಯಿ ರೈತರ ಮೇಲೂ ಸಿಟ್ಟು ಬಂತು.

ಮೀನವ್ವನನ್ನು ನಾನು ಮತ್ತೆ ಕೇಳಲಿಲ್ಲ ಎಂದುಕೊಳ್ಳಬೇಡಿ. ಎರಡು ಸಲ ಹೋಗಿ ಕೇಳಿದೆ. ಕೇಳಿದ ರೀತಿಯನ್ನು ಹೇಳುತ್ತೇನೆ, ನೀವೇ ತೀರ್ಮಾನ ಮಾಡಿ.

"ಅವ್ವಾ, ಆ ಜಿಲೇಬಿ ಹಳ್ಳದಲ್ಲಿ ಸಿಗುತ್ತೆ ತಾನೆ?"

"ಸಿಕ್ತದೆ. ಅಳ್ಳದಾಗೂ ಸಿಕ್ತದೆ, ಒಳೇಲೂ ಸಿಕ್ತದೆ. ಜಿಲೇಬಿ ಎಲ್ಲಿ ಸಿಕ್ಕಾಕಿಲ್ಲ ಏಳು?"

"ಯಾವ ಹಳ್ಳ?"

"ಯಾವ್ದಾದ್ರೇನವ್ವ?"

ಸಾಕ್ಷಿಗೆ ಪಾಠ ಹೇಳಿಕೊಟ್ಟು ಸಾಕ್ಷಿ ಹೇಳಿಸಿದಂತಾಯಿತು. ಪುಸ್ತಕದಲ್ಲಿ ಬರೆದುಕೊಂಡೆ: ಹಳ್ಳವೆಂದು ಮತ್ತೊಮ್ಮೆ ಖಚಿತಪಡಿಸಿದರು. ಈಗ ಆ ಪುಟ ತೆಗೆದರೆ ಹರಿದು ಹಾಕೋಣ ಎನಿಸುತ್ತದೆ.

ಮಾರ್ಚ್ ಕೊನೆಯ ವಾರ ಗೈಡ್ ಸರ್ ಕರೆಸಿಕೊಂಡರು. ಅವರು ಕೂಗಾಡುವವರಲ್ಲ. ಕೂಗಾಡಿದ್ದರೆ ಎಷ್ಟೋ ವಾಸಿ ಇತ್ತು. ನನ್ನ ಪಟ್ಟಿಯ ಮೇಲೆ ಕಣ್ಣಾಡಿಸಿದರು. ಹಳ್ಳ ಒಂದು, ಜಿಲೇಬಿ. ಹಳ್ಳ ಎರಡು, ಜಿಲೇಬಿ. ಹೀಗೆ ಪುಟಗಟ್ಟಲೆ.

"ಆಫ್ರಿಕಾದ ಮೀನು ಹಾಸನದಲ್ಲಿದೆ ಅಂತ ಪ್ರೂವ್ ಮಾಡಿದ್ದೀಯಮ್ಮ. ಅದು ಮೀನು ತಿನ್ನೋ ಎಲ್ಲರಿಗೂ ಗೊತ್ತು," ಎಂದರು. "ನಾಲ್ಕನೇ ಅಧ್ಯಾಯ ಬಿಟ್ಟುಬಿಡು. ಮೂರರಲ್ಲೇ ಮುಗಿಸು. ಡಿಗ್ರಿ ಸಿಗುತ್ತೆ, ಯಾರೂ ಕೇಳಲ್ಲ."

ಡಿಗ್ರಿ ಸಿಗುತ್ತಿತ್ತು, ನಿಜ. ಆದರೆ ನಾನು ಮೀನುಗಳ ಹಿಂದೆ ಬಿದ್ದದ್ದೇ ಆ ನಾಲ್ಕನೇ ಅಧ್ಯಾಯಕ್ಕಾಗಿ. ಮೊದಲ ಮೂರು ಬೇರೆಯವರು ಹಿಡಿದು ಬಾಟಲಿಯಲ್ಲಿಟ್ಟ ಮೀನುಗಳ ಅಳತೆ. ನನ್ನ ಸ್ವಂತದ್ದು ಅಂತ ಇದ್ದದ್ದು ಅದೊಂದೇ. ಬಸ್ಸಿನಲ್ಲಿ ಹಾಸನಕ್ಕೆ ಬರುವಾಗ ಕಿಟಕಿಯ ಕಡೆ ಮುಖ ಮಾಡಿ ಅತ್ತೆ. ಪಕ್ಕದಲ್ಲಿದ್ದ ಹೆಂಗಸು ಯಾರಾದರೂ ತೀರಿಕೊಂಡರೇ ಎಂದು ಕೇಳಿದರು. ಇಲ್ಲ, ಮೀನು ಸಿಗಲಿಲ್ಲ ಎಂದೆ. ಅವರು ಸೀಟು ಬದಲಾಯಿಸಿದರು.

ಅಣ್ಣನಿಗೆ ವಿಷಯ ಹೇಳಿದೆ. ಅವರು ಲ್ಯಾಬಿನ ಟ್ರೇಗಳನ್ನು ತೊಳೆಯುತ್ತಿದ್ದರು. "ನಾನೊಂದು ಮಾತು ಏಳ್ಲಾ ಮೇಡಂ? ನೀವು ಕೇಳಿ ಬರ್ಕೊಂಡ್ ಬತ್ತೀರಿ, ಕೂತು ಬರಾಕಿಲ್ಲ. ಒಂದಿನ ಸುಮ್ಕೆ ಓಗಿ ಕೂತ್ಕಳಿ ಆವಮ್ಮನ ತಾವ. ಪುಸ್ತಕ ಬ್ಯಾಗಲ್ಲೇ ಇರ್ಲಿ," ಎಂದರು.

ಬೇರೆ ದಿನವಾಗಿದ್ದರೆ ಅಟೆಂಡರ್ ನನಗೆ ಹೇಳಿಕೊಡುವುದೇ ಎನಿಸುತ್ತಿತ್ತೇನೋ. ಅಂದು ಬೇರೆ ದಾರಿ ಇರಲಿಲ್ಲ. ಹೊಸ ಹಳ್ಳ ಹುಡುಕುವುದನ್ನು ನಿಲ್ಲಿಸಿದೆ. ಮುಂದಿನ ಭಾನುವಾರ ಬಲೆ, ಟ್ರೇ, ಪುಸ್ತಕ ಯಾವುದನ್ನೂ ಮುಟ್ಟದೆ ಮೀನವ್ವನ ಪಕ್ಕ ಒಂದು ಮಗುಚಿದ ಬಕೆಟ್ಟಿನ ಮೇಲೆ ಕುಳಿತೆ.

ಮೊದಲ ಒಂದು ಗಂಟೆ ಅವರು ನನ್ನನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಆಮೇಲೆ ಜನ ಕಡಿಮೆಯಾದಾಗ ಎಲೆಯಡಿಕೆ ಬಾಯಿಗೆ ಹಾಕಿಕೊಂಡು ತಾವೇ ಮಾತಿಗೆ ಬಂದರು. ಒಂದು ಹೆಣ್ಣು ಜಿಲೇಬಿಯ ದವಡೆಯನ್ನು ಹೆಬ್ಬೆರಳಿಂದ ಅಗಲಿಸಿದರು. ಒಳಗೆ ಸಾಸಿವೆಗಿಂತ ಸ್ವಲ್ಪ ದಪ್ಪನೆಯ ಮೊಟ್ಟೆಗಳು.

"ನೋಡು, ಇದು ಬಾಯಾಗೆ ಬಸ್ರಿ. ಮೊಟ್ಟೆ ಮರಿ ಎಲ್ಲ ಬಾಯಾಗೇ ಮಡಿಕ್ಕತದೆ. ಅವತ್ತು ನೀ ಕಿರುಚ್ಕಂಡ್ಯಲ್ಲ, ಆ ಮೀನು ಅಂಗಲ್ಲ. ಅದು ಕಲ್ಲಿನ ಮ್ಯಾಲೆ ಮೊಟ್ಟೆ ಇಟ್ಟು ಗಂಡ ಎಂಡ್ರು ಇಬ್ರೂ ಕಾಯ್ತವೆ. ಮರಿಗೋಳು ಅವ್ವನ ಮೈನೇ ಕಚ್ಕಂಡು ನೆಕ್ಕತವೆ."

ನಾನು ಬಕೆಟ್ಟಿನ ಮೇಲೆ ನೆಟ್ಟಗೆ ಕುಳಿತೆ. ಮರಿಗಳು ತಂದೆ ತಾಯಿಯ ಮೈಮೇಲಿನ ಲೋಳೆ ತಿಂದು ಬೆಳೆಯುವುದು ನನ್ನ ಮೀನಿನ ಗುರುತು. ಪುಸ್ತಕದಲ್ಲಿ ಓದಿದ್ದೆನೇ ಹೊರತು ಕಂಡಿರಲಿಲ್ಲ. ಎರಡೂ ಮೀನನ್ನು ಜಿಲೇಬಿ ಎಂದು ಒಂದೇ ಹೆಸರಿನ ಕೆಳಗೆ ಇಟ್ಟು, ಮರಿ ಸಾಕುವ ರೀತಿಯಿಂದ ಬೇರೆ ಮಾಡಿದ್ದರು ಮೀನವ್ವ. ನಾವು ವಿಜ್ಞಾನದವರು ಮೂಗಿನ ಹೊಳ್ಳೆ ನೋಡಿ, ಮುಳ್ಳು ಎಣಿಸಿ ಎರಡನ್ನೂ ಸೇರಿಸಿದ ಕುಟುಂಬವೂ ಅದೇ.

"ಅವ್ವಾ, ಅದೇ, ಅದೇ ಹಳ್ಳದ ಜಿಲೇಬಿ! ಎಲ್ಲಿ ಅದು? ಮೂರು ತಿಂಗಳಿಂದ ಹಳ್ಳ ಹಳ್ಳ ಸುತ್ತಿದೀನಿ."

ಮೀನವ್ವ ಜಗಿಯುವುದನ್ನು ನಿಲ್ಲಿಸಿದರು. "ಅಳ್ಳದ್ದಾ? ಅಳ್ಳದ್ದು ಅಂತ ಯಾರಂದೋರು?"

"ನೀವೇ ಹೇಳಿದ್ರಲ್ಲ. ಅಳ್ಳೆಜಿಲೇಬಿ ಅಂದ್ರಲ್ಲ."

"ಉಂ, ಅಳ್ಳೆಜಿಲೇಬಿ."

"ಅದೇ, ಹಳ್ಳ."

"ಅಳ್ಳ ಅಲ್ಲ ಕಣವ್ವ! ಅಳ್ಳೆ, ಅಳ್ಳೆ!" ಎಂದವರೇ, ಹುರುಪೆ ಅಂಟಿದ ಒದ್ದೆ ಬೆರಳಿನಿಂದ ನನ್ನ ಪಕ್ಕೆಲುಬಿನ ಕೆಳಗೆ, ಸೊಂಟದ ಮೇಲೆ, ಜೋರಾಗಿ ತಿವಿದರು. "ಇಲ್ಲಿ! ಇದು ಅಳ್ಳೆ! ಅದ್ರ ಅಳ್ಳೇಲಿ ಬೊಟ್ಟು ಅದೆ ನೋಡು, ಅದ್ಕೇ ಅಳ್ಳೆ ಜಿಲೇಬಿ. ನಿಮ್ಮವ್ವ ನಿಂಗೆ ಅಳ್ಳೆ ಅಂದ್ರೇನು ಅಂತ ಏಳ್ಕೊಡ್ಲಿಲ್ವಾ?"

ಸೀರೆಯ ಮೇಲೆ ಮೂರು ಹುರುಪೆ ಅಂಟಿಕೊಂಡವು.

ನಮ್ಮವ್ವ ಹೇಳಿಕೊಟ್ಟಿದ್ದರು. ಚನ್ನರಾಯಪಟ್ಟಣದಲ್ಲಿ ನಾನು ಸ್ಕೂಲಿಂದ ಓಡಿ ಬಂದು ಸೊಂಟ ಹಿಡಿದುಕೊಂಡು ಬಗ್ಗಿದರೆ, "ಅಳ್ಳೆ ಇಡ್ಕತಾ? ನಿಧಾನಕ್ಕೆ ಬರಬಾರದಾ?" ಎಂದು ಅಲ್ಲೇ ಕೈಯಿಟ್ಟು ಉಜ್ಜುತ್ತಿದ್ದರು. ಅಳ್ಳೆ ನಮ್ಮ ಮನೆಯ ಮಾತು. ಅದಕ್ಕೆ ಹಕಾರ ಹಿಂದೆಯೂ ಇರಲಿಲ್ಲ, ಯಾರೂ ಬೀಳಿಸಿಯೂ ಇರಲಿಲ್ಲ. ಆದರೆ ಮೂರನೇ ತರಗತಿಯಲ್ಲಿ ಮೇಷ್ಟ್ರು ಹಸು ಎನ್ನಲು ಹೇಳಿದಾಗ ನಾನು ಅಸು ಎಂದೆ. ಬೆಂಚಿನ ಮೇಲೆ ನಿಲ್ಲಿಸಿ, ಇಡೀ ತರಗತಿಯಿಂದ ನನ್ನ ಕಡೆ ಅಸು ಅಸು ಎಂದು ಕೂಗಿಸಿದರು. ಅಂದಿನಿಂದ ನಾನು ಹಕಾರದ ಕಾವಲುಗಾರ್ತಿ. ಭಯಕ್ಕೆ ಒಮ್ಮೆ ಆನೆಯನ್ನೂ ಹಾನೆ ಎಂದು ಓದಿ ಇನ್ನೊಂದು ಸಲ ನಗೆಪಾಟಲಾದೆ. ಬೇರೆಯವರ ಬಾಯಿಂದ ಬಿದ್ದುಹೋದ ಹಕಾರಗಳನ್ನು ಹೆಕ್ಕಿ ಹೆಕ್ಕಿ ಜೋಡಿಸುವುದೇ ಓದು ಎಂದುಕೊಂಡಿದ್ದೆ. ಬೀಳದಿದ್ದ ಹಕಾರವನ್ನೂ ಜೋಡಿಸಿ ಮೂರು ತಿಂಗಳು ಕೆಸರಲ್ಲಿ ನಿಂತೆ.

"ಅಂಗಾದ್ರೆ ಅದು ಸಿಗೋದೆಲ್ಲವ್ವ?" ಎಂದೆ. ನನ್ನ ಬಾಯಿಂದ ಹಕಾರ ತಾನಾಗಿಯೇ ಬಿದ್ದಿತ್ತು.

"ನಂಗೆ ಬರೋದು ಪಟ್ಣದ ಕಡೆ ಕೆರೇದು."

ಪಟ್ಣ ಎಂದರೆ ಚನ್ನರಾಯಪಟ್ಟಣ. ನನ್ನ ಊರು! ತಿಂಗಳಿಗೆರಡು ಸಲ ಮನೆಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಆ ಕೆರೆಗಳನ್ನು ನೋಡಿಕೊಂಡೇ ಹೋಗುತ್ತಿದ್ದೆ. ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

ಎರಡು ದಿನ ಬಿಟ್ಟು ನಾನೂ ಅಣ್ಣನೂ ಮೀನವ್ವ ಹೇಳಿದ ಕೆರೆಗೆ ಹೋದೆವು. ನೀರು ಅರ್ಧಕ್ಕಿಂತ ಕೆಳಗಿತ್ತು. ಮೀನು ಹಿಡಿಯಲು ಕೆರೆ ಗುತ್ತಿಗೆ ಪಡೆದವರು ತೆಪ್ಪಕ್ಕೆ ತೇಪೆ ಹಾಕುತ್ತಿದ್ದರು. ನಾವು ಅಳ್ಳೆ ಜಿಲೇಬಿ ಎಂದ ಕೂಡಲೇ, "ಓ, ಅದಾ? ಅದೇನ್ ಮೀನಾ? ಬಲೇಲಿ ಬಂದ್ರೆ ದಡಕ್ಕೆ ಎಸಿತೀವಿ, ಕೊಕ್ಕರೆ ತಿನ್ಕತವೆ. ಒಂದೊಂದ್ಸಲ ಬುಟ್ಟಿಗೂ ಬಿದ್ದೋಯ್ತದೆ," ಎಂದರು.

ತೂಬಿನ ಹತ್ತಿರ, ತಿಳಿಯಾದ ಕಡೆ, ಮುಳುಗಿದ ಚಪ್ಪಡಿಯೊಂದರ ಮೇಲೆ ಅವು ಇದ್ದವು. ಎರಡು ಹಳದಿ ಮೀನು, ಅಳ್ಳೆಯಲ್ಲಿ ಕಪ್ಪು ಬೊಟ್ಟು. ಸುತ್ತ ಎಳ್ಳಿನಂಥ ಮರಿಗಳು. ಮರಿಗಳು ಒಂದೊಂದಾಗಿ ಬಂದು ದೊಡ್ಡದರ ಮೈಯನ್ನು ಮುಟ್ಟಿ ಕಚ್ಚಿ ಹೋಗುತ್ತಿದ್ದವು. ಅದು ಅಲುಗಾಡದೆ ಕಚ್ಚಿಸಿಕೊಳ್ಳುತ್ತಿತ್ತು. ಅಣ್ಣ ಬಲೆಯನ್ನು ಹೆಗಲ ಮೇಲೆ ಇಟ್ಟುಕೊಂಡೇ ನಿಂತರು. "ಇವನ್ನ ಬುಟ್ಬುಡಾವ ಮೇಡಂ. ಆ ಕಡೆ ಬೇರೆ ಇರ್ತವೆ," ಎಂದರು. ಬಿಟ್ಟೆವು. ಆ ಕಡೆಯೂ ಇದ್ದವು.

ಟ್ರೇಯಲ್ಲಿ ಮೊದಲ ಮೀನನ್ನು ಅಣ್ಣ ಸೂಜಿಯಿಂದ ಎಣಿಸಿದರು. ಮೂರು ದಾಟಿದಾಗ ಅವರ ದನಿ ಏರಿತು. "ಅನ್ನೊಂದು, ಅನ್ನೆರಡು, ಅದಿಮೂರು!" ಎಂದು ಕೂಗಿದಾಗ ಗುತ್ತಿಗೆದಾರರು ತೇಪೆ ಬಿಟ್ಟು ಓಡಿ ಬಂದರು.

ಸಂತೋಷ ಎಷ್ಟು ಹೊತ್ತು? ವಂಶ ಪರೀಕ್ಷೆಗೆಂದು ಕತ್ತರಿಸಿದ ರೆಕ್ಕೆಯ ತುಂಡನ್ನು ಸ್ಪಿರಿಟ್ಟಿನ ಬಾಟಲಿಗೆ ಹಾಕುತ್ತಾ ಕೇಳಲೇಬೇಕಾದ ಪ್ರಶ್ನೆ ಕೇಳಿದೆ. ಈ ಮೀನು ಕೆರೆಗೆ ಬಂದದ್ದು ಯಾವಾಗ?

"ಅದೆಂಗೆ ಏಳಾನ? ಒರಗಡೆಯಿಂದ ಮರಿ ತಂದು ಬುಡ್ತೀವಿ, ಅದ್ರ ಜೊತೆ ಬಂತೋ. ಏಮಾವತಿ ಕಾಲುವೆ ನೀರು ಬತ್ತದೆ, ಅದ್ರಲ್ಲಿ ಬಂತೋ. ಮೊದ್ಲಿಂದ್ಲೇ ಇತ್ತೋ. ಮೀನೇನ್ ಅರ್ಜಿ ಆಕ್ಕಂಡ್ ಬತ್ತದಾ?"

ಅಂದರೆ ಇದು ಸೀಳಿದ ನೆಲದ ಜೊತೆ ಬಂದ ಮೀನೋ, ಪ್ಲಾಸ್ಟಿಕ್ ಚೀಲದಲ್ಲಿ ಬಂದ ಮೀನೋ, ಆ ದಡದಲ್ಲಿ ನಿಂತು ಹೇಳುವಂತಿರಲಿಲ್ಲ. ಒಂದು ಗಂಟು ಬಿಚ್ಚಿದರೆ ಒಳಗೆ ಇನ್ನೊಂದು. ಆ ಬಾಟಲಿಯನ್ನು ಕೆರೆಗೆ ಎಸೆಯೋಣ ಎನ್ನಿಸುವಷ್ಟು ರೇಗಿತು. ಎಸೆಯಲಿಲ್ಲ. ಚೀಟಿ ಬರೆದು ಅಂಟಿಸಿದೆ.

ಅಧ್ಯಾಯವನ್ನು ಇದ್ದದ್ದು ಇದ್ದ ಹಾಗೇ ಬರೆದೆ. ಹೇಮಾವತಿ ಕಾಲುವೆಯ ಕೆರೆಯಲ್ಲಿ ಮೀನು ಇದೆ, ಮರಿ ಮಾಡುತ್ತಿದೆ, ಮೂಲ ತಿಳಿದಿಲ್ಲ, ರೆಕ್ಕೆಯ ತುಂಡುಗಳನ್ನು ಕರಾವಳಿಯದರ ಜೊತೆ ಹೋಲಿಸಲು ಕಳಿಸಲಾಗಿದೆ. ಹಳ್ಳಗಳ ಆ ಪುಟಗಟ್ಟಲೆ ಪಟ್ಟಿಯನ್ನೂ ಸೇರಿಸಿ, ಅಲ್ಲಿ ಯಾಕೆ ಹುಡುಕಿದೆ ಎನ್ನುವುದನ್ನೂ ಒಂದು ವಾಕ್ಯದಲ್ಲಿ ಒಪ್ಪಿಕೊಂಡೆ. ಆ ಒಂದು ವಾಕ್ಯ ಬರೆಯಲು ಒಂದು ಇಡೀ ದಿನ ಹಿಡಿಯಿತು.

ಗೈಡ್ ಸರ್ ಓದಿ ವಾಪಸ್ ಕೊಟ್ಟರು. "ಅಧ್ಯಾಯ ಇರಲಿ," ಎಂದರು. "ಪ್ರಶ್ನೆಯಾಗೇ ಇದೆ, ಪರವಾಗಿಲ್ಲ. ಒಂದೆರಡು ಕಾಗುಣಿತ ತಪ್ಪಿದೆ, ತಿದ್ದಿದ್ದೀನಿ."

ಹಾಸನಕ್ಕೆ ಬಂದು ಲ್ಯಾಬಿನಲ್ಲಿ ಪುಟ ತಿರುಗಿಸಿದೆ. ಸ್ಥಳೀಯ ಹೆಸರು ಎನ್ನುವ ಕಾಲಂನಲ್ಲಿ ನಾನು ಅಳ್ಳೆ ಜಿಲೇಬಿ ಎಂದು ಬರೆದಿದ್ದೆ. ಅದರ ಅಕಾರವನ್ನು ಕೆಂಪು ಮಸಿಯಲ್ಲಿ ಹೊಡೆದುಹಾಕಿ, ಮೇಲೆ ದುಂಡಗೆ ಒಂದು 'ಹ' ಬರೆದಿದ್ದರು.

ಅಣ್ಣನನ್ನು ಕರೆದು ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ನೋಡಿ, ತಮ್ಮ ಜೇಬಿನಿಂದ ಪೆನ್ನು ತೆಗೆದು ನನಗೆ ಕೊಟ್ಟರು. ಆ ಹಕಾರವನ್ನು ನಾನು ಕಾಗದ ಹರಿಯುವಷ್ಟು ಒತ್ತಿ ಹೊಡೆದುಹಾಕಿದೆ.